ಲೆವಾಂಗ್ ದಡದಲ್ಲಿ ಸರದಿ

ನಾರ್ವೆಯ 17ನೇ ಸಂಖ್ಯೆಯ ಕರಾವಳಿ ರಸ್ತೆಯನ್ನು ಹೊಗಳದವರಿಲ್ಲ. ಸ್ಟೈನ್‌ಶೇರ್‌ನಿಂದ ಬೋಡೊವರೆಗೆ ಸುಮಾರು 650 ಕಿಲೋಮೀಟರ್. ನಡುವೆ ಸಮುದ್ರ ಅಡ್ಡ ಬಂದಲ್ಲೆಲ್ಲ ಫೆರಿ, ಒಟ್ಟು ಆರು. ಆ ಆರರ ಸರದಿಯ ಬಗ್ಗೆ ಮಾತ್ರ ಹೊಗಳುವವರು ತುಟಿ ಬಿಚ್ಚುವುದಿಲ್ಲ.

ಮೊನ್ನೆ ಸಾಂಡ್‌ನೆಸ್‌ಶೋಯೆನ್ ಪಟ್ಟಣದಿಂದ ಹೊರಟಾಗಲೇ ಜಡಿಮಳೆ. ಅಲ್ಲಿನ ‘ಏಳು ಸೋದರಿಯರು’ ಬೆಟ್ಟಸಾಲನ್ನು ನೋಡಲೆಂದೇ ಹೋಗಿದ್ದೆವು. ಏಳರಲ್ಲಿ ಒಬ್ಬಳೂ ಮೋಡದ ಮುಸುಕು ಸರಿಸಲಿಲ್ಲ. ಮುಂದೆ 1991ರಲ್ಲಿ ಕಟ್ಟಿದ ಹೆಲ್ಗೆಲಾಂಡ್ ಸೇತುವೆ ಬಂತು. ಎತ್ತರದ ಕಂಬಗಳಿಂದ ಇಳಿಬಿಟ್ಟ ಕೇಬಲ್‌ಗಳನ್ನು ಕಂಡು ಮಗಳು, “ಅಜ್ಜನ ಊರಿನ ಸೇತುವೆಯ ಹಾಗೆಯೇ ಇದೆ” ಎಂದಳು. ಶರಾವತಿ ಹಿನ್ನೀರಿನ ಮೇಲಿನ ಆ ಸಿಗಂದೂರು ಸೇತುವೆಯನ್ನು ಅವಳು ನೋಡಿರುವುದು ಮಾವ ಕಳುಹಿಸಿದ ವಿಡಿಯೊದಲ್ಲಿ ಮಾತ್ರ.

ಲೆವಾಂಗ್‌ನಿಂದ ಎದುರು ದಡದ ನೆಸ್ನಾಗೆ ಫೆರಿಯಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಆದರೆ ದಡದಲ್ಲಿ ಕ್ಯಾರವಾನುಗಳ ಸಾಲು ರಸ್ತೆಯ ತಿರುವಿನಾಚೆಗೂ ಚಾಚಿತ್ತು. ಒಂದು ಫೆರಿ ನಮ್ಮನ್ನು ಬಿಟ್ಟು ಹೋಯಿತು, ಇನ್ನೊಂದೂ ಹೋಯಿತು. ಮೂರನೆಯದರಲ್ಲಿ ನಮ್ಮ ಮುಂದಿನ ಕಾರಿಗೇ ಜಾಗ ಮುಗಿಯಿತು. ಧ್ರುವವೃತ್ತ ದಾಟಿಸುವ ಕಿಲ್ಬೊಗ್‌ಹಾಮ್ನ್ ಫೆರಿ ಇವತ್ತಿಗೆ ಸಿಗುವುದಿಲ್ಲವೆಂದು ನನ್ನ ಗಂಡ ಗೊಣಗತೊಡಗಿದರು. ಚಿತ್ರಾನ್ನದ ಡಬ್ಬಿ ಆಗಲೇ ಖಾಲಿಯಾಗಿತ್ತು.

ಅಷ್ಟರಲ್ಲಿ ಆಂಬುಲೆನ್ಸ್ ಬಂತು. ದಡ ಬಿಟ್ಟು ತುಸು ದೂರ ಸಾಗಿದ್ದ ಫೆರಿ ನಿಧಾನಿಸಿತು, ಹಿಂದಕ್ಕೆ ಬಂತು. ಹತ್ತಿದ್ದ ಎರಡು ಕಾರುಗಳನ್ನು ಇಳಿಸಿ ಆಂಬುಲೆನ್ಸಿಗೆ ಜಾಗ ಮಾಡಿದರು. ಇಳಿದವರು ತಕರಾರು ತೆಗೆಯಲಿಲ್ಲ.

“ಅಮ್ಮಾ, ನಿಮ್ಮ ಊರಿನ ಲಾಂಚೂ ಹೀಗೆ ವಾಪಸು ಬರುತ್ತಿತ್ತಾ?”

ಹಗಲಾದರೆ ಬರುತ್ತಿತ್ತು. ಸೇತುವೆಗೆ ಮೊದಲು ಹಿನ್ನೀರು ದಾಟಿಸುತ್ತಿದ್ದ ಅಂಬಾರಗೋಡ್ಲಿನ ಲಾಂಚಿನವರು ಕಲ್ಲುಮನಸ್ಸಿನವರಲ್ಲ. ರೋಗಿ ಇದ್ದಾರೆಂದರೆ ಊಟ ಬಿಟ್ಟು ಎದ್ದವರನ್ನು ನಾನೇ ನೋಡಿದ್ದೇನೆ. ಆದರೆ ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಕಾಯಿಲೆ ಬರಬಾರದು. ದೊಡ್ಡಪ್ಪನಿಗೆ ಬಂದದ್ದು ರಾತ್ರಿ. ಎದುರಿಗೇ ಕಾಣುವ ದಡವನ್ನು ಬಿಟ್ಟು, ಕೋಗಾರಿನ ಕಡೆಯಿಂದ ಕಾಡು ಸುತ್ತಿ, ಜೀಪಿನಲ್ಲಿ ಸಾಗರದ ಆಸ್ಪತ್ರೆ ಸೇರಿಸಬೇಕಾಯಿತು. ಜೀಪಿನ ಹಿಂದಿನ ಸೀಟಿನಲ್ಲಿ ದೊಡ್ಡಮ್ಮ ಅವರ ತಲೆ ಹಿಡಿದು ಕುಳಿತಿದ್ದರು. ಪ್ರತಿ ಹೊಂಡಕ್ಕೂ “ನಿಧಾನ” ಎನ್ನುತ್ತಿದ್ದರು, ಮರುಕ್ಷಣವೇ “ಬೇಗ” ಎನ್ನುತ್ತಿದ್ದರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಮ್ಮವರ ಗದ್ದೆ ಮುಳುಗಿತು, ದಾರಿಯೂ ಮುಳುಗಿತು. ಶರಾವತಿಯ ಕರೆಂಟು ನಾಡಿನ ಉದ್ದಗಲಕ್ಕೂ ಓಡಿತು. ಹಿನ್ನೀರಿಗೆ ಸೇತುವೆ ಬಂದದ್ದು 2025ರ ಜುಲೈಯಲ್ಲಿ. ನಾರ್ವೆಯವರೂ ನೀರಿನಿಂದಲೇ ಕರೆಂಟು ಮಾಡುವವರು. ಹೋಲಿಸಬಾರದು ಎಂದುಕೊಳ್ಳುತ್ತೇನೆ, ಆದರೂ ಹೊಟ್ಟೆ ಉರಿಯುತ್ತದೆ.

ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. “ಕೆಲವೊಮ್ಮೆ ಬರುತ್ತಿತ್ತು” ಎಂದೆ.

ಕೊನೆಗೆ ನೆಸ್ನಾದಲ್ಲೇ ಉಳಿದೆವು. ರಾತ್ರಿ ತಮ್ಮನಿಗೆ ಫೋನಿನಲ್ಲಿ ದಿನದ ಕಥೆ ಒಪ್ಪಿಸಿದೆ. ಅವನು ಪೂರ್ತಿ ಕೇಳಿ, “ಫೆರಿಗೆ ಕಾಯಲು ಅಷ್ಟು ಖರ್ಚು ಮಾಡಿದೆಯಾ ಅಕ್ಕ? ಸೇತುವೆ ಆಗುವ ಮೊದಲು ಬಂದಿದ್ದರೆ ಅಂಬಾರಗೋಡ್ಲಿನಲ್ಲೇ ನಿಲ್ಲಿಸುತ್ತಿದ್ದೆನಲ್ಲ” ಎಂದ.