ಯು-ಬೂಟ್‌ಗೆ ನೆಟ್‌ವರ್ಕ್ ಡ್ರೈವರ್: ಮೊದಲ ರಿಜಿಸ್ಟರ್ ಓದಿನಿಂದ ಕೆರ್ನಲ್‌ಗೆ ಒಪ್ಪಿಸುವವರೆಗೆ

ಹೊಸ ಬೋರ್ಡಿನಲ್ಲಿ ಯು-ಬೂಟ್ (ಬೋರ್ಡ್ ಆನ್ ಆದಾಗ ಓಡಿ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕೆರ್ನಲ್ ಅನ್ನು ಏರಿಸುವ ಬೂಟ್‌ಲೋಡರ್) ಪ್ರಾಂಪ್ಟ್ ಕಾಣಿಸಿಕೊಂಡರೂ ಅದರ ಮೇಲೆ ‘ನೆಟ್: ನೋ ಈಥರ್‌ನೆಟ್ ಫೌಂಡ್’ ಎಂಬ ಸಾಲು ಇರುವವರೆಗೆ ಕೆಲಸ ಮುಂದೆ ಸಾಗುವುದಿಲ್ಲ. ಸೀರಿಯಲ್ ಕೇಬಲ್ ಒಂದೇ ದಾರಿಯಾದರೆ 115200 ಬಾಡ್‌ನಲ್ಲಿ ಸೆಕೆಂಡಿಗೆ ಸಿಗುವುದು 11520 ಬೈಟ್. ಹತ್ತು ಮೆಗಾಬೈಟಿನ ಕೆರ್ನಲ್ ಒಂದನ್ನು ಏರಿಸಲು ಕಾಲು ಗಂಟೆ ಬೇಕು, ಪ್ರೋಟೋಕಾಲಿನ ಹೊರೆ ಬೇರೆ. ಅದೇ ಫೈಲು ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆ ಪ್ರೋಟೋಕಾಲಿನ ಮೂಲಕ ಕೆಲವೇ ಸೆಕೆಂಡುಗಳಲ್ಲಿ ಬರುತ್ತದೆ. ದಿನಕ್ಕೆ ಇಪ್ಪತ್ತು ಸಲ ಕೆರ್ನಲ್ ಬದಲಿಸುವ ಹಂತದಲ್ಲಿ ಈ ವ್ಯತ್ಯಾಸವೇ ಇಡೀ ಕೆಲಸದ ವೇಗವನ್ನು ನಿರ್ಧರಿಸುತ್ತದೆ.

ಬೂಟ್‌ಲೋಡರಿನ ನೆಟ್‌ವರ್ಕ್ ಡ್ರೈವರ್ ಚಿಕ್ಕದು. ಇಂಟರಪ್ಟ್ ಇಲ್ಲ, ಥ್ರೆಡ್ ಇಲ್ಲ, ಸರತಿಯಲ್ಲಿ ಕಾಯುವ ಪ್ಯಾಕೆಟ್‌ಗಳಿಲ್ಲ. ಯು-ಬೂಟ್‌ನ ಡ್ರೈವರ್ ಮಾಡೆಲ್ ಮುಖ್ಯವಾಗಿ ಕೇಳುವುದು ಐದು ಫಂಕ್ಷನ್: ಸ್ಟಾರ್ಟ್, ಸೆಂಡ್, ರಿಸೀವ್, ಫ್ರೀ ಪ್ಯಾಕೆಟ್, ಸ್ಟಾಪ್. ಪಿಂಗ್ (ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವುದು) ಇರಲಿ, ಡಿಎಚ್‌ಸಿಪಿ (ಸರ್ವರ್‌ನಿಂದ ನೆಟ್‌ವರ್ಕ್ ವಿಳಾಸ ಪಡೆಯುವುದು) ಇರಲಿ, ಪ್ರತಿ ಕಮಾಂಡ್ ಶುರುವಾದಾಗ ಸ್ಟಾರ್ಟ್, ಮುಗಿದಾಗ ಸ್ಟಾಪ್. ನಡುವೆ ಒಂದು ಲೂಪ್ ರಿಸೀವ್ ಫಂಕ್ಷನ್ನನ್ನು ಮತ್ತೆ ಮತ್ತೆ ಕರೆದು ಪ್ಯಾಕೆಟ್ ಬಂತೇ ಎಂದು ಕೇಳುತ್ತಿರುತ್ತದೆ. ಅದೇ ಚಿಪ್ಪಿನ ಲಿನಕ್ಸ್ ಡ್ರೈವರ್ ಸಿಕ್ಕಿದರೆ ಅದರಿಂದ ರಿಜಿಸ್ಟರ್ (ಚಿಪ್ಪನ್ನು ನಡೆಸಲು ಓದಿ ಬರೆಯುವ ಚಿಕ್ಕ ಜಾಗ) ವಿವರಗಳನ್ನೂ ಆರಂಭಿಸುವ ಕ್ರಮವನ್ನೂ ಚಿಪ್ಪಿನ ದೋಷಗಳಿಗೆ ಮಾಡಿದ ಪರಿಹಾರಗಳನ್ನೂ ತೆಗೆದುಕೊಳ್ಳಬಹುದು. ಉಳಿದದ್ದನ್ನು ಬಿಡಬೇಕು. ಲಿನಕ್ಸ್‌ನಲ್ಲಿ ಡಿಎಂಎ (ಸಿಪಿಯು ನಡುವೆ ಬಾರದೆ ಹಾರ್ಡ್‌ವೇರ್ ನೇರವಾಗಿ ಮೆಮೊರಿ ಓದಿ ಬರೆಯುವುದು) ಮ್ಯಾಪಿಂಗ್ ಫಂಕ್ಷನ್‌ಗಳ ಹಿಂದೆ ಅಡಗಿರುವ ಕ್ಯಾಶ್ (ಮೆಮೊರಿಯ ಪ್ರತಿ ಇಟ್ಟುಕೊಳ್ಳುವ ಸಿಪಿಯುವಿನ ವೇಗದ ಜಾಗ) ಕೆಲಸವನ್ನು ಇಲ್ಲಿ ಕೈಯಾರೆ ಮಾಡಬೇಕು. ಬಹುಪಾಲು ಸಮಯ ಹೋಗುವುದು ಅದಕ್ಕೇ.

ಪ್ಯಾಕೆಟ್ ವಿಚಾರಕ್ಕೆ ಹೋಗುವ ಮೊದಲು ಒಂದೇ ಒಂದು ರಿಜಿಸ್ಟರ್ ಓದಿ ನೋಡಬೇಕು. ಹೆಚ್ಚಿನ ಈಥರ್‌ನೆಟ್ ಮ್ಯಾಕ್‌ಗಳಲ್ಲಿ (ಫ್ರೇಮ್ ಕಳಿಸುವ, ಪಡೆಯುವ ಹಾರ್ಡ್‌ವೇರ್ ಬ್ಲಾಕ್‌ಗಳಲ್ಲಿ) ಆವೃತ್ತಿ ಹೇಳುವ ರಿಜಿಸ್ಟರ್ ಇರುತ್ತದೆ. ಪ್ರಾಂಪ್ಟಿನಿಂದಲೇ ಮೆಮೊರಿ ಡಿಸ್‌ಪ್ಲೇ ಕಮಾಂಡ್ ಬಳಸಿ ಅದನ್ನು ಓದಿದಾಗ ಡೇಟಾಶೀಟಿನಲ್ಲಿರುವ ಬೆಲೆಯೇ ಬಂದರೆ ವಿಳಾಸ ಸರಿ, ಬಸ್ ಸರಿ, ಕ್ಲಾಕ್ ಹರಿಯುತ್ತಿದೆ ಎಂದರ್ಥ. ಕ್ಲಾಕ್ ಕೊಡದ ಬ್ಲಾಕ್ ಅನ್ನು ಮುಟ್ಟಿದರೆ ಕೆಲವು ಚಿಪ್ಪುಗಳಲ್ಲಿ ಡೇಟಾ ಅಬಾರ್ಟ್ ಬರುತ್ತದೆ, ಕೆಲವುಗಳಲ್ಲಿ ಬಸ್ಸೇ ನಿಂತು ಬೋರ್ಡ್ ಸದ್ದಿಲ್ಲದೆ ಹೆಪ್ಪುಗಟ್ಟುತ್ತದೆ. ಎರಡರಲ್ಲೂ ಕಾರಣ ಹೆಚ್ಚಾಗಿ ಕ್ಲಾಕ್ ಗೇಟ್ ಅಥವಾ ರಿಸೆಟ್ ಸಾಲು.

ಆಮೇಲೆ ಎಂಡಿಐಒ. ಫೈ, ಅಂದರೆ ಕೇಬಲಿನ ಸಂಕೇತಗಳನ್ನು ನೋಡಿಕೊಳ್ಳುವ ಚಿಪ್ಪಿನೊಂದಿಗೆ ಮಾತಾಡುವ ಈ ಎರಡು ತಂತಿಗಳ ಬಸ್ಸಿನಲ್ಲಿ ಒಂದು ವ್ಯವಹಾರಕ್ಕೆ 64 ಬಿಟ್: ಬರೀ ಒಂದುಗಳ ಪ್ರಿಆಂಬಲ್ 32, ಆರಂಭಕ್ಕೆ 2, ಓದೋ ಬರಹವೋ ಎನ್ನಲು 2, ಫೈ ವಿಳಾಸಕ್ಕೆ 5, ರಿಜಿಸ್ಟರ್ ಸಂಖ್ಯೆಗೆ 5, ದಿಕ್ಕು ತಿರುಗಿಸಲು 2, ಡೇಟಾಗೆ 16. ಮಾನದಂಡದ ಪ್ರಕಾರ ಕ್ಲಾಕ್ 2.5 ಮೆಗಾಹರ್ಟ್ಸ್ ಮೀರಬಾರದು. ಬಸ್ ಕ್ಲಾಕನ್ನು ಎಷ್ಟರಿಂದ ಭಾಗಿಸಬೇಕೆಂಬ ರಿಜಿಸ್ಟರ್ ಫೀಲ್ಡ್ ತಪ್ಪಿದರೆ ಓದು ಒಮ್ಮೆ ಸರಿ, ಒಮ್ಮೆ ತಪ್ಪು ಬರುತ್ತದೆ. ಎರಡು ಮತ್ತು ಮೂರನೇ ರಿಜಿಸ್ಟರುಗಳಲ್ಲಿ ಫೈ ಗುರುತಿನ ಸಂಖ್ಯೆ ಇದೆ. ಹದಿನಾರೂ ಬಿಟ್ ‘1’ ಆಗಿ ಬಂದರೆ ಆ ವಿಳಾಸದಲ್ಲಿ ಯಾರೂ ಉತ್ತರಿಸಲಿಲ್ಲ, ಸಾಲನ್ನು ಮೇಲಿನ ಮಟ್ಟಕ್ಕೆ ಎಳೆದಿಡುವ ಪುಲ್-ಅಪ್ ರೆಸಿಸ್ಟರ್ ಮಾತ್ರ ಕಂಡಿತು. ಎಲ್ಲವೂ ಸೊನ್ನೆಯಾದರೆ ಪಿನ್‌ಮಕ್ಸ್ ಅನ್ನು, ಅಂದರೆ ಯಾವ ಪಿನ್ ಯಾವ ಕೆಲಸಕ್ಕೆ ಎಂಬ ಆಯ್ಕೆಯನ್ನು, ಅನುಮಾನಿಸಬೇಕು. ಒಂದೇ ಚಿಪ್ ಸೊನ್ನೆ ವಿಳಾಸದಲ್ಲೂ ತನ್ನ ಸ್ವಂತ ವಿಳಾಸದಲ್ಲೂ ಕಾಣಿಸಿಕೊಂಡರೆ ಗಾಬರಿ ಬೇಡ. ಹಲವು ಫೈಗಳು ಸೊನ್ನೆಯನ್ನು ಎಲ್ಲರಿಗೂ ಸೇರಿದ ವಿಳಾಸವೆಂದು ತಿಳಿದು ಉತ್ತರಿಸುತ್ತವೆ.

ವಿಳಾಸ ಒಂದೊಂದು ಸಲ ಬೋರ್ಡ್ ಆನ್ ಮಾಡಿದಾಗ ಒಂದೊಂದು ಬಂದರೆ ಅದು ಸಾಫ್ಟ್‌ವೇರ್ ದೋಷವಲ್ಲ. ರಿಸೆಟ್ ಬಿಡುವ ಕ್ಷಣದಲ್ಲಿ ಫೈ ತನ್ನ ಕೆಲವು ಪಿನ್ನುಗಳ ಮಟ್ಟ ನೋಡಿ ವಿಳಾಸವನ್ನೂ ಮೋಡನ್ನೂ ತೀರ್ಮಾನಿಸುತ್ತದೆ. ಅವೇ ಪಿನ್ನುಗಳು ನಂತರ ರಿಸೀವ್ ಡೇಟಾ ಸಾಲುಗಳಾಗುತ್ತವೆ. ಎಸ್‌ಒಸಿ (ಸಿಪಿಯು, ಮ್ಯಾಕ್ ಎಲ್ಲ ಒಳಗೊಂಡ ಮುಖ್ಯ ಚಿಪ್) ಆ ಸಾಲುಗಳ ಮೇಲೆ ತನ್ನ ಒಳಗಿನ ಪುಲ್-ಅಪ್ ಹಾಕಿದ್ದರೆ ಬೋರ್ಡಿನ ರೆಸಿಸ್ಟರ್‌ಗೂ ಅದಕ್ಕೂ ಜಗ್ಗಾಟ ನಡೆಯುತ್ತದೆ. ಮೊದಲು ಪಿನ್‌ಮಕ್ಸ್ ಸರಿಪಡಿಸಿ, ಪುಲ್ ತೆಗೆದು, ಆಮೇಲೆ ಫೈ ರಿಸೆಟ್ ಪಿನ್ನನ್ನು ಡೇಟಾಶೀಟ್ ಹೇಳಿದಷ್ಟು ಹೊತ್ತು ಕೆಳಗಿಟ್ಟು ಬಿಡಬೇಕು.

ಲಿಂಕ್ ಬಿಟ್ ವಿಚಾರವೂ ಇಲ್ಲೇ ಬರುತ್ತದೆ. ಒಂದನೇ ರಿಜಿಸ್ಟರಿನ ಎರಡನೇ ಬಿಟ್ ಲಿಂಕ್ ಸ್ಥಿತಿ ಹೇಳುತ್ತದೆ, ಆದರೆ ಒಮ್ಮೆ ಲಿಂಕ್ ಬಿದ್ದರೆ ಯಾರಾದರೂ ಓದುವವರೆಗೆ ಸೊನ್ನೆಯನ್ನೇ ಹಿಡಿದುಕೊಂಡಿರುತ್ತದೆ. ಎರಡು ಸಲ ಓದಿ ಎರಡನೆಯದನ್ನು ನಂಬಬೇಕು. ಯು-ಬೂಟ್‌ನ ಫೈ ಲೈಬ್ರರಿ ಬಳಸಿದರೆ ಇದನ್ನು ಅದೇ ನೋಡಿಕೊಳ್ಳುತ್ತದೆ. ಸ್ವಂತ ಫೈ ಕೋಡ್ ಬರೆಯಲು ಬಲವಾದ ಕಾರಣವಿಲ್ಲದಿದ್ದರೆ ಬರೆಯದಿರುವುದೇ ಒಳ್ಳೆಯದು.

ಫೈ ಉತ್ತರಿಸಿದ ಮೇಲೆ ಮ್ಯಾಕ್ ರಿಸೆಟ್ ಮಾಡಬೇಕು. ಕ್ರಮ ಮುಖ್ಯವಾಗುವುದು ಇಲ್ಲಿ. ಡಿಸೈನ್‌ವೇರ್ ಮ್ಯಾಕ್‌ಗಳಲ್ಲಿ ಸಾಫ್ಟ್‌ವೇರ್ ರಿಸೆಟ್ ಬಿಟ್ ತಾನಾಗಿ ಸೊನ್ನೆಯಾಗಬೇಕಾದರೆ ಎಲ್ಲ ಕ್ಲಾಕ್‌ಗಳೂ ಓಡುತ್ತಿರಬೇಕು, ಫೈನಿಂದ ಬರುವ ರಿಸೀವ್ ಕ್ಲಾಕ್ ಕೂಡ. ಫೈ ಇನ್ನೂ ರಿಸೆಟ್‌ನಲ್ಲಿದ್ದರೆ ಆ ಬಿಟ್ ಎಂದೂ ಇಳಿಯುವುದಿಲ್ಲ. ಮಿತಿಯಿಲ್ಲದ ಲೂಪಿನಲ್ಲಿ ಕಾಯುವ ಕೋಡ್ ಬರೆದಿದ್ದರೆ ಬೋರ್ಡ್ ಅಲ್ಲೇ ನಿಲ್ಲುತ್ತದೆ, ಮ್ಯಾಕ್ ಕೆಟ್ಟಿದೆ ಎಂಬ ತಪ್ಪು ಅನಿಸಿಕೆ ಹುಟ್ಟುತ್ತದೆ. ಪ್ರತಿ ಕಾಯುವಿಕೆಗೂ ಮಿತಿ ಇರಲಿ. ಮಿತಿ ಮೀರಿದಾಗ ಯಾವ ಬಿಟ್‌ಗಾಗಿ ಕಾಯುತ್ತಿದ್ದೆವು ಎಂದು ಹೇಳುವ ಒಂದು ಸಾಲು ಮುದ್ರಣವಾಗಲಿ.

ಕಳಿಸುವುದನ್ನು ಮೊದಲು, ಪಡೆಯುವುದನ್ನು ಆಮೇಲೆ ಬರೆಯಬೇಕು. ಕಳಿಸಿದ್ದನ್ನು ಕೇಬಲಿನ ಆಚೆ ತುದಿಯ ಕಂಪ್ಯೂಟರಿನಲ್ಲಿ ವೈರ್‌ಶಾರ್ಕ್ ಇಟ್ಟು ಕಣ್ಣಾರೆ ನೋಡಬಹುದು; ಪಡೆಯುವ ಕಡೆ ಏನೂ ಬರದಿದ್ದಾಗ ತಪ್ಪು ಎಲ್ಲಿದೆ ಎಂದು ಹೇಳುವವರಿರುವುದಿಲ್ಲ. ಪಿಂಗ್ ಕಮಾಂಡ್ ಕೊಟ್ಟರೆ ಮೊದಲು ಹೊರಡುವುದು ಎಆರ್‌ಪಿ ವಿನಂತಿ (ಆ ಐಪಿ ವಿಳಾಸದ ಯಂತ್ರದ ಮ್ಯಾಕ್ ವಿಳಾಸ ಯಾವುದೆಂದು ಕೇಳುವುದು), ಅದರ ಉದ್ದ 42 ಬೈಟ್. ಈಥರ್‌ನೆಟ್ ಫ್ರೇಮ್ ಕೊನೆಯ 4 ಬೈಟ್ ಚೆಕ್‌ಸಮ್ ಬಿಟ್ಟು ಕನಿಷ್ಠ 60 ಬೈಟ್ ಇರಬೇಕು. ಮ್ಯಾಕ್ ತಾನೇ ಸೊನ್ನೆ ತುಂಬುತ್ತದೆಯೇ ಎಂದು ನೋಡಿ, ಇಲ್ಲದಿದ್ದರೆ ಡ್ರೈವರ್ ತುಂಬಬೇಕು. ಹಾಗೆ ಮಾಡದಿದ್ದರೆ ಡಿಸ್ಕ್ರಿಪ್ಟರಿನಲ್ಲಿ ‘ಕಳಿಸಿಯಾಯಿತು’ ಎಂದು ಬರುತ್ತದೆ, ಸ್ವಿಚ್ ಅದನ್ನು ಮೊಟಕು ಫ್ರೇಮ್ ಎಂದು ಎಸೆಯುತ್ತದೆ, ಆಚೆ ಕಡೆ ಏನೂ ಕಾಣುವುದಿಲ್ಲ.

ಡಿಸ್ಕ್ರಿಪ್ಟರ್ ಎಂದರೆ ಸಿಪಿಯುಗೂ ಮ್ಯಾಕ್‌ನ ಡಿಎಂಎಗೂ ನಡುವಿನ ಒಪ್ಪಂದದ ಕಾಗದ. ಬಫರ್ ವಿಳಾಸ, ಉದ್ದ, ಜೊತೆಗೆ ಒಡೆತನದ ಒಂದು ಬಿಟ್. ಆ ಬಿಟ್ ಯಾರ ಕಡೆಗಿದೆಯೋ ಆ ಬಫರ್ ಅವರದು, ಇನ್ನೊಬ್ಬರು ಮುಟ್ಟುವಂತಿಲ್ಲ. ಉಳಿದ ಫೀಲ್ಡುಗಳನ್ನೆಲ್ಲ ತುಂಬಿ, ನಡುವೆ ಮೆಮೊರಿ ಬ್ಯಾರಿಯರ್ (ಬರಹಗಳ ಕ್ರಮ ಅದಲುಬದಲಾಗದಂತೆ ತಡೆಯುವ ಸೂಚನೆ) ಇಟ್ಟು, ಒಡೆತನದ ಬಿಟ್ಟನ್ನು ಕಟ್ಟಕಡೆಗೆ ಬರೆಯಬೇಕು. ಆಮೇಲೆ ಇನ್ನೊಂದು ಬ್ಯಾರಿಯರ್, ಆಮೇಲೆ ಡಿಎಂಎಗೆ ಎಚ್ಚರಿಕೆ ಕೊಡುವ ರಿಜಿಸ್ಟರ್. ಈ ಕ್ರಮ ತಪ್ಪಿದರೆ ನೂರರಲ್ಲಿ ತೊಂಬತ್ತೊಂಬತ್ತು ಸಲ ಎಲ್ಲ ಸರಿಯಾಗಿಯೇ ನಡೆಯುವುದರಿಂದ ದೋಷ ಹಿಡಿಯುವುದು ಬಹಳ ಕಷ್ಟ.

ಕ್ಯಾಶ್ ಬಂದಾಗ ಒಡೆತನದ ಲೆಕ್ಕ ಇನ್ನೂ ಸೂಕ್ಷ್ಮವಾಗುತ್ತದೆ. ಕಾರ್ಟೆಕ್ಸ್-ಎ9ರಲ್ಲಿ ಕ್ಯಾಶ್ ಲೈನ್ (ಕ್ಯಾಶ್ ಒಮ್ಮೆಗೆ ತರುವ, ಬರೆಯುವ ತುಂಡು) 32 ಬೈಟ್, ಕಾರ್ಟೆಕ್ಸ್-ಎ53ರಲ್ಲಿ 64. ಡಿಸ್ಕ್ರಿಪ್ಟರ್ ಒಂದು 16 ಬೈಟ್ ಇದ್ದರೆ 64 ಬೈಟಿನ ಒಂದು ಲೈನಿನಲ್ಲಿ ನಾಲ್ಕು ಕೂರುತ್ತವೆ. ಸಿಪಿಯು ಮೊದಲನೆಯದನ್ನು ಬದಲಿಸಿ ಫ್ಲಶ್ ಮಾಡಿದರೆ ಇಡೀ ಲೈನ್ ಮೆಮೊರಿಗೆ ಹೋಗುತ್ತದೆ. ಅಷ್ಟರಲ್ಲಿ ಡಿಎಂಎ ಎರಡನೆಯದರಲ್ಲಿ ‘ಪ್ಯಾಕೆಟ್ ಬಂದಿದೆ’ ಎಂದು ಬರೆದಿದ್ದರೆ ಆ ಬರಹ ಅಳಿಸಿಹೋಗಿ ಹಳೆಯ ಪ್ರತಿ ಮೇಲೆ ಕೂರುತ್ತದೆ. ಪ್ಯಾಕೆಟ್ ಮೆಮೊರಿಯಲ್ಲಿದೆ, ಆದರೆ ಡಿಸ್ಕ್ರಿಪ್ಟರ್ ಖಾಲಿ ಎನ್ನುತ್ತದೆ. ಪರಿಹಾರ ಎರಡು. ಒಂದು, ಲೈನಿಗೊಂದೇ ಡಿಸ್ಕ್ರಿಪ್ಟರ್ ಇಟ್ಟು ನಡುವೆ ಎಷ್ಟು ಜಾಗ ಹಾರಬೇಕೆಂದು ಮ್ಯಾಕ್‌ಗೆ ಹೇಳುವುದು. ಆ ಸೌಲಭ್ಯ ಎಲ್ಲ ಮ್ಯಾಕ್‌ಗಳಲ್ಲೂ ಇರುವುದಿಲ್ಲ. ಇನ್ನೊಂದು, ಡಿಸ್ಕ್ರಿಪ್ಟರುಗಳನ್ನು ಕ್ಯಾಶ್ ಆಗದ ಮೆಮೊರಿಯಲ್ಲಿ ಇಡುವುದು. ಯು-ಬೂಟ್‌ನಲ್ಲಿ ಅದಕ್ಕೆಂದೇ ನಾನ್‌ಕ್ಯಾಶ್ಡ್ ಮೆಮೊರಿ ಹಂಚುವ ಫಂಕ್ಷನ್ ಇದೆ. ಆಯ್ಕೆ ಇದ್ದಲ್ಲಿ ನಾನು ಎರಡನೆಯದನ್ನೇ ಹೇಳುತ್ತೇನೆ. ಡಿಸ್ಕ್ರಿಪ್ಟರ್ ಕೆಲವು ನೂರು ಬೈಟ್ ಮಾತ್ರ, ಅದರ ವೇಗ ಬೂಟ್‌ಲೋಡರಿಗೆ ಲೆಕ್ಕಕ್ಕೆ ಬರುವುದಿಲ್ಲ.

ಪ್ಯಾಕೆಟ್ ಬಫರುಗಳಿಗೆ ಕ್ಯಾಶ್ ಬೇಕು, ಅವುಗಳಿಗೆ ಬೇರೆ ನಿಯಮ. ಕಳಿಸುವ ಮೊದಲು ಫ್ಲಶ್. ಪಡೆದ ಮೇಲೆ ಓದುವ ಮೊದಲು ಇನ್‌ವ್ಯಾಲಿಡೇಟ್, ಅಂದರೆ ಕ್ಯಾಶ್‌ನಲ್ಲಿರುವ ಪ್ರತಿಯನ್ನು ಕೈಬಿಡುವುದು. ಇಷ್ಟು ಎಲ್ಲರೂ ಬರೆಯುತ್ತಾರೆ; ಬಿಟ್ಟುಹೋಗುವುದು ಮೂರನೆಯದು. ಬಫರನ್ನು ಡಿಎಂಎಗೆ ಮರಳಿಸುವ ಮೊದಲೂ ಇನ್‌ವ್ಯಾಲಿಡೇಟ್ ಮಾಡಬೇಕು. ಯಾರಾದರೂ ಈ ಬೋರ್ಡಿಗೆ ಪಿಂಗ್ ಮಾಡಿದರೆ ಯು-ಬೂಟ್ ಬಂದ ಪ್ಯಾಕೆಟ್ಟನ್ನು ಅದೇ ಬಫರಿನಲ್ಲಿ ತಿದ್ದಿ ಉತ್ತರವಾಗಿ ಕಳಿಸುತ್ತದೆ. ಹಾಗೆ ಸಿಪಿಯು ಬರೆದ ಲೈನುಗಳು ಕ್ಯಾಶ್‌ನಲ್ಲಿ ಉಳಿದುಕೊಂಡು, ಮುಂದೆ ಯಾವಾಗಲೋ ಹೊರಬಿದ್ದು, ಅಷ್ಟರಲ್ಲಿ ಬಂದಿರುವ ಹೊಸ ಪ್ಯಾಕೆಟ್ಟಿನ ಮೇಲೆ ಬರೆದುಬಿಡಬಹುದು. ಬಫರ್ ಅಳತೆ 1536 ಬೈಟ್ ಇರುವುದಕ್ಕೂ ಇದೇ ಕಾರಣ. ವಿಎಲ್‌ಎಎನ್ ಟ್ಯಾಗ್ ಸೇರಿದ ಫ್ರೇಮ್ 1522 ಬೈಟ್. ಅದರ ಮೇಲೆ 32ರಿಂದಲೂ 64ರಿಂದಲೂ ಭಾಗವಾಗುವ ಮೊದಲ ಸಂಖ್ಯೆ 1536. ಪ್ಯಾಕೆಟ್ ಉದ್ದ 98 ಬೈಟ್ ಆದರೂ ಇನ್‌ವ್ಯಾಲಿಡೇಟ್ ಮಾಡುವ ವ್ಯಾಪ್ತಿಯನ್ನು ಲೈನಿನ ಅಂಚಿಗೆ ಏರಿಸಬೇಕು. ಕನ್ಸೋಲಿನಲ್ಲಿ ‘ಕ್ಯಾಶ್: ಮಿಸ್‌ಅಲೈನ್ಡ್ ಆಪರೇಷನ್’ ಎಂದು ಬಂದರೆ ಅದನ್ನು ಬರೀ ಎಚ್ಚರಿಕೆ ಎಂದು ತಳ್ಳಿಹಾಕಬೇಡಿ; ಆ ವ್ಯಾಪ್ತಿಯ ಮೇಲೆ ಕೇಳಿದ ಕೆಲಸ ನಡೆದಿಲ್ಲ ಎಂದೇ ತಿಳಿಯಬೇಕು.

ತೊಂದರೆ ಕ್ಯಾಶ್‌ನದೋ ಅಲ್ಲವೋ ಎಂದು ತಿಳಿಯಲು ಡಿಕ್ಯಾಶ್ ಆಫ್ ಕಮಾಂಡ್ ಕೊಟ್ಟು ಅದೇ ಪಿಂಗ್ ಮತ್ತೆ ಮಾಡಿ ನೋಡಬಹುದು. ಆಗ ಸರಿಹೋದರೆ ಎಲ್ಲಿ ಹುಡುಕಬೇಕೆಂದು ತಿಳಿಯಿತು. ಆದರೆ ಕ್ಯಾಶ್ ಆಫ್ ಮಾಡಿದ ಬೋರ್ಡ್ ನಿಧಾನವಾಗುವುದರಿಂದ ಬ್ಯಾರಿಯರ್ ಮರೆತ ದೋಷವೂ ಅದರೊಂದಿಗೆ ಅಡಗಿಕೊಳ್ಳಬಹುದು, ಇದು ನೆನಪಿರಲಿ.

ರಿಸೀವ್ ಕಡೆಯ ಇತರ ತಪ್ಪುಗಳು ತಮ್ಮ ಗುರುತನ್ನು ತಾವೇ ಹೇಳುತ್ತವೆ. ಯು-ಬೂಟ್‌ನಲ್ಲಿ ಪಡೆಯುವ ಬಫರುಗಳು ಸಾಮಾನ್ಯವಾಗಿ 4. ಸರಿಯಾಗಿ ನಾಲ್ಕು ಪ್ಯಾಕೆಟ್ ಬಂದು ಮೌನವಾದರೆ ಫ್ರೀ ಪ್ಯಾಕೆಟ್ ಫಂಕ್ಷನ್ ಒಡೆತನ ಮರಳಿಸುತ್ತಿಲ್ಲ, ಇಲ್ಲವೇ ಕೊನೆಯ ಡಿಸ್ಕ್ರಿಪ್ಟರಿನಲ್ಲಿ ರಿಂಗ್ (ಡಿಸ್ಕ್ರಿಪ್ಟರುಗಳ ವರ್ತುಲ) ಸುತ್ತುವ ಬಿಟ್ ಹಾಕಿಲ್ಲ. ಗದ್ದಲವಿರುವ ನೆಟ್‌ವರ್ಕಿನಲ್ಲಿ ಮಾತ್ರ ನಿಂತುಹೋದರೆ, ದೋಷವಿರುವ ಫ್ರೇಮ್ ಬಂದಾಗ ಡಿಸ್ಕ್ರಿಪ್ಟರ್ ಮರಳಿಸದೆ ರಿಸೀವ್ ಫಂಕ್ಷನ್ ಹಿಂತಿರುಗುತ್ತಿದೆ. ಮೊದಲ ಪಿಂಗ್ ಸರಿ, ಎರಡನೆಯ ಕಮಾಂಡ್ ವಿಫಲ ಎಂದಾದರೆ ಸ್ಟಾಪ್ ಮತ್ತು ಸ್ಟಾರ್ಟ್ ನಡುವೆ ಹಾರ್ಡ್‌ವೇರ್ ರಿಂಗಿನ ತಲೆಗೆ ಮರಳಿದೆ, ಸಾಫ್ಟ್‌ವೇರಿನ ಸೂಚ್ಯಂಕ ಹಳೆಯ ಜಾಗದಲ್ಲೇ ಇದೆ. ಸ್ಟಾರ್ಟ್ ಪ್ರತಿ ಸಲವೂ ರಿಂಗನ್ನು ಹೊಸದಾಗಿ ಕಟ್ಟಬೇಕು.

‘ಎಆರ್‌ಪಿ ರಿಟ್ರೈ ಕೌಂಟ್ ಎಕ್ಸೀಡೆಡ್’ ಎಂಬುದು ಇನ್ನೊಂದು ಬಗೆ. ವೈರ್‌ಶಾರ್ಕ್‌ನಲ್ಲಿ ವಿನಂತಿಯೂ ಕಾಣುತ್ತದೆ, ಉತ್ತರವೂ ಕಾಣುತ್ತದೆ, ಬೋರ್ಡ್ ಮಾತ್ರ ಕೇಳಿಸಿಕೊಳ್ಳುವುದಿಲ್ಲ. ಉತ್ತರ ಈ ಬೋರ್ಡಿನ ಮ್ಯಾಕ್ ವಿಳಾಸಕ್ಕೇ ಬರುವಂಥದ್ದು, ಆದ್ದರಿಂದ ವಿಳಾಸದ ಫಿಲ್ಟರ್ ಮೇಲೆ ಅನುಮಾನ ಹೋಗಬೇಕು. ಎಲ್ಲ ವಿಳಾಸದ ಫ್ರೇಮುಗಳನ್ನೂ ಒಳಬಿಡುವ ಪ್ರಾಮಿಸ್ಕ್ಯುಯಸ್ ಬಿಟ್ ಹಾಕಿದ ತಕ್ಷಣ ಪಿಂಗ್ ನಡೆದರೆ ಅನುಮಾನ ಖಚಿತ. ಆರು ಬೈಟುಗಳನ್ನು ಎರಡು ರಿಜಿಸ್ಟರುಗಳಿಗೆ ಹಂಚುವಾಗ ಕ್ರಮ ಉಲ್ಟಾ ಆಗಿರಬಹುದು. ಅದಕ್ಕಿಂತ ಹೆಚ್ಚಾಗಿ ಆಗುವುದು ಇದು: ಯು-ಬೂಟ್ ವಿಳಾಸವನ್ನು ಮೊದಲೇ ಬರೆದಿರುತ್ತದೆ, ಸ್ಟಾರ್ಟ್ ಒಳಗಿನ ರಿಸೆಟ್ ಅದನ್ನು ಅಳಿಸಿಹಾಕುತ್ತದೆ. ರಿಸೆಟ್ ಆದಮೇಲೆ ವಿಳಾಸ ಮತ್ತೆ ಬರೆದರೆ ಮುಗಿಯಿತು.

ಇಷ್ಟಾದರೂ ಗಿಗಾಬಿಟ್‌ನಲ್ಲಿ ಮಾತ್ರ ಸಿಆರ್‌ಸಿ (ಚೆಕ್‌ಸಮ್) ದೋಷಗಳು ಸುರಿಯುತ್ತಿದ್ದರೆ ಆರ್‌ಜಿಎಂಐಐ (ಮ್ಯಾಕ್ ಮತ್ತು ಫೈ ನಡುವಿನ ಡೇಟಾ ಸಂಪರ್ಕ) ವಿಳಂಬ ನೋಡಬೇಕು. ಗಿಗಾಬಿಟ್‌ನಲ್ಲಿ ಕ್ಲಾಕ್ 125 ಮೆಗಾಹರ್ಟ್ಸ್, ಎರಡೂ ಅಂಚುಗಳಲ್ಲಿ ಡೇಟಾ; ಪ್ರತಿ ನಾಲ್ಕು ಬಿಟ್‌ಗೆ ಸಿಗುವ ಕಾಲ 4 ನ್ಯಾನೋಸೆಕೆಂಡ್. ಕ್ಲಾಕಿನ ಅಂಚು ಅದರ ನಡುವೆ ಬೀಳಲು ಸುಮಾರು 2 ನ್ಯಾನೋಸೆಕೆಂಡ್ ತಡ ಬೇಕು. ಅದನ್ನು ಬೋರ್ಡಿನ ತಂತಿಯ ಉದ್ದ ಕೊಡಬಹುದು, ಫೈ ಕೊಡಬಹುದು, ಮ್ಯಾಕ್ ಕೊಡಬಹುದು. ಇಬ್ಬರು ಕೊಟ್ಟರೂ ಕೆಡುತ್ತದೆ, ಯಾರೂ ಕೊಡದಿದ್ದರೂ ಕೆಡುತ್ತದೆ. ಬೋರ್ಡಿನ ಹಾರ್ಡ್‌ವೇರ್ ವಿವರಿಸುವ ಡಿವೈಸ್ ಟ್ರೀಯಲ್ಲಿ ಫೈ ಮೋಡ್ ‘ಆರ್‌ಜಿಎಂಐಐ-ಐಡಿ’ ಎಂದರೆ ಎರಡೂ ದಿಕ್ಕಿನ ತಡ ಫೈನ ಜವಾಬ್ದಾರಿ. ಬರೀ ‘ಆರ್‌ಜಿಎಂಐಐ’ ಎಂದರೆ ಬೋರ್ಡೇ ನೋಡಿಕೊಂಡಿದೆ ಎಂದು. 100 ಮೆಗಾಬಿಟ್‌ನಲ್ಲಿ ಕ್ಲಾಕ್ 25 ಮೆಗಾಹರ್ಟ್ಸ್‌ಗೆ ಇಳಿಯುವುದರಿಂದ ಅದೇ ತಪ್ಪು ಕಣ್ಣಿಗೆ ಬೀಳದೆ ಉಳಿಯುತ್ತದೆ. ವೇಗ ಇಳಿದಾಗ ಮ್ಯಾಕ್ ಕೊಡುವ ಟ್ರಾನ್ಸ್‌ಮಿಟ್ ಕ್ಲಾಕನ್ನೂ ಇಳಿಸಲು ಮರೆತಿದ್ದರೆ ಲಕ್ಷಣ ತಿರುಗುಮುರುಗು: ಗಿಗಾಬಿಟ್ ಸರಿ, ಹಳೆಯ ಸ್ವಿಚ್ಚಿಗೆ ಸಿಕ್ಕಿಸಿದರೆ ದೀಪ ಉರಿಯುತ್ತದೆ, ಪ್ಯಾಕೆಟ್ ಹೋಗುವುದಿಲ್ಲ.

ಪಿಂಗ್ ಸಿಕ್ಕಿತೆಂದು ಡ್ರೈವರ್ ಮುಗಿಯಲಿಲ್ಲ. ಹತ್ತಾರು ಮೆಗಾಬೈಟಿನ ಫೈಲೊಂದನ್ನು ಟಿಎಫ್‌ಟಿಪಿಯಿಂದ ತಂದು ಸಿಆರ್‌ಸಿ32 ಕಮಾಂಡ್‌ನಿಂದ ಮೊತ್ತ ತೆಗೆದು ಸರ್ವರ್ ಕಡೆಯ ಮೊತ್ತದೊಂದಿಗೆ ಹೋಲಿಸಬೇಕು, ರಾತ್ರಿಯಿಡೀ ಲೂಪಿನಲ್ಲಿ. ವರ್ಗಾವಣೆಯ ಪ್ರಗತಿ ತೋರಿಸುವ ಹ್ಯಾಶ್ (#) ಗುರುತುಗಳ ನಡುವೆ ‘ಟಿ’ ಅಕ್ಷರ ಬಂದಲ್ಲೆಲ್ಲ ಒಂದು ಪ್ಯಾಕೆಟ್ ಕಳೆದುಹೋಗಿ ಟೈಮ್‌ಔಟ್ ಆಗಿದೆ. ಫೈಲು ಕೊನೆಗೆ ಬಂದರೂ ಅದು ದೋಷವೇ. ವರ್ಗಾವಣೆಯ ನಡುವೆ ಕಂಟ್ರೋಲ್-ಸಿ ಒತ್ತಿ, ಕೇಬಲ್ ಕಿತ್ತು ಮತ್ತೆ ಹಾಕಿ, ಕಮಾಂಡ್ ಪುನಃ ಕೊಟ್ಟು ನೋಡಬೇಕು.

ಕಡೆಯದಾಗಿ ಸ್ಟಾಪ್ ಫಂಕ್ಷನ್. ಪರೀಕ್ಷೆಯ ಮೇಜಿನ ಮೇಲೆ ಅದು ಖಾಲಿ ಇದ್ದರೂ ಏನೂ ತೊಂದರೆ ಕಾಣುವುದಿಲ್ಲ. ಆದರೆ ಕೆರ್ನಲ್ ಶುರುವಾದ ಮೇಲೂ ರಿಸೀವ್ ಡಿಎಂಎ ಓಡುತ್ತಿದ್ದರೆ, ಯು-ಬೂಟ್ ಇಟ್ಟುಕೊಂಡಿದ್ದ ಬಫರುಗಳ ಜಾಗವನ್ನು ಕೆರ್ನಲ್ ಬೇರೆ ಕೆಲಸಕ್ಕೆ ಬಳಸುತ್ತಿರುವಾಗಲೇ ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳು ಅಲ್ಲಿ ಬಂದು ಬೀಳುತ್ತವೆ. ಕೆರ್ನಲ್ ಒಂದೊಂದು ಸಲ ಒಂದೊಂದು ಕಡೆ ಕುಸಿಯುತ್ತದೆ, ಅದೂ ದಟ್ಟಣೆಯ ನೆಟ್‌ವರ್ಕಿನಲ್ಲಿ ಮಾತ್ರ. ಆದ್ದರಿಂದ ಟ್ರಾನ್ಸ್‌ಮಿಟ್ ಡಿಎಂಎ ನಿಲ್ಲಿಸಿ, ಉಳಿದದ್ದು ಹರಿದುಹೋಗಲು ಬಿಟ್ಟು, ಮ್ಯಾಕ್‌ನ ಎರಡೂ ದಿಕ್ಕುಗಳನ್ನು ಮುಚ್ಚಿ, ರಿಸೀವ್ ಡಿಎಂಎ ನಿಲ್ಲಿಸಿ, ಅದು ನಿಜಕ್ಕೂ ನಿಂತಿದೆ ಎಂದು ಸ್ಥಿತಿ ರಿಜಿಸ್ಟರಿನಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು. ಡ್ರೈವರಿನ ರಿಮೂವ್ ಫಂಕ್ಷನ್‌ನಲ್ಲೂ ಇದೇ ಕೆಲಸ ನಡೆಯಲಿ. ಕೆರ್ನಲ್‌ಗೆ ಜಿಗಿಯುವ ಮುನ್ನ ಅದನ್ನು ತಪ್ಪದೆ ಕರೆಯುವಂತೆ ಯು-ಬೂಟ್‌ಗೆ ಹೇಳುವ ಆಕ್ಟಿವ್ ಡಿಎಂಎ ಫ್ಲ್ಯಾಗ್ ಡ್ರೈವರ್ ಘೋಷಣೆಯಲ್ಲಿರಲಿ. ಡಿವೈಸ್ ಟ್ರೀಯ ಅಲಿಯಾಸ್ ವಿಭಾಗದಲ್ಲಿ ಈಥರ್‌ನೆಟ್0 ಈ ಮ್ಯಾಕ್‌ನತ್ತ ತೋರಿಸುತ್ತಿದ್ದರೆ ಯು-ಬೂಟ್ ತಾನು ಬಳಸಿದ ಮ್ಯಾಕ್ ವಿಳಾಸವನ್ನೇ ಕೆರ್ನಲ್‌ಗೂ ದಾಟಿಸುತ್ತದೆ. ಆ ಒಂದು ಸಾಲು ಇಲ್ಲದಿದ್ದರೆ ಕೆರ್ನಲ್ ಪ್ರತಿ ಬೂಟಿನಲ್ಲೂ ಹೊಸ ವಿಳಾಸ ಹುಟ್ಟಿಸಿಕೊಳ್ಳಬಹುದು, ಡಿಎಚ್‌ಸಿಪಿ ಸರ್ವರ್ ಅದನ್ನು ಪ್ರತಿ ಸಲವೂ ಹೊಸ ಯಂತ್ರವೆಂದೇ ಎಣಿಸುತ್ತದೆ.