ಹುಣ್ಣಿಮೆ ನೋಡಿ ದಿನ ಗೊತ್ತು ಮಾಡಿ: ನಾರ್ಮಂಡಿಯಿಂದ ಸಾಂ ಮಾಲೋವರೆಗೆ ಆರು ರಾತ್ರಿ

ಫ್ರಾನ್ಸಿನ ಹಳ್ಳಿ, ಕಡಲು ಎರಡನ್ನೂ ಮೊದಲ ಸಲ ನೋಡಹೊರಡುವವರು ಸಾಮಾನ್ಯವಾಗಿ ನಕ್ಷೆ ಹರಡಿಕೊಂಡು ಕೂರುತ್ತಾರೆ. ವಾಯವ್ಯ ಕರಾವಳಿಗೆ ಹೋಗುವುದಾದರೆ ನಕ್ಷೆಗಿಂತ ಮೊದಲು ಬೇಕಾದ್ದು ಅಡುಗೆಮನೆ ಗೋಡೆಯ ಕ್ಯಾಲೆಂಡರ್. ಅದರಲ್ಲಿ ಹುಣ್ಣಿಮೆ, ಅಮಾವಾಸ್ಯೆ ಎಂದಿವೆ ನೋಡಿ. ಆ ದಿನಕ್ಕೆ ಒಂದೂವರೆ-ಎರಡು ದಿನ ಸೇರಿಸಿದರೆ, ಅಂದರೆ ಬಿದಿಗೆ-ತದಿಗೆಯ ಹೊತ್ತಿಗೆ, ನೆತ್ತಿಯ ಮೇಲೆ ಹಳೇ ಮಠವಿರುವ ಬಂಡೆದ್ವೀಪ ಮೋಂ ಸಾಂ ಮಿಶೆಲ್‌ನ ಕೊಲ್ಲಿಯಲ್ಲಿ ದೊಡ್ಡ ಉಬ್ಬರ ಬರುತ್ತದೆ. ನಮ್ಮ ಮಂಗಳೂರು, ಕಾರವಾರದ ಕಡಲಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರ್ ಆಸುಪಾಸಿನ ವ್ಯತ್ಯಾಸ. ಈ ಕೊಲ್ಲಿಯಲ್ಲಿ ಅದು 14 ಮೀಟರ್ ಮುಟ್ಟುತ್ತದೆ, ನಾಲ್ಕು ಮಹಡಿ ಎತ್ತರ. ಮಧ್ಯಾಹ್ನ ನಡೆದಾಡಿದ ಮರಳು ಸಂಜೆಗೆ ಕಡಲಾಗಿರುತ್ತದೆ. ಇಷ್ಟು ದೂರ ಹೋಗುವುದೇ ಅದನ್ನು ನೋಡಲು ಎಂದಾದ ಮೇಲೆ ಉಳಿದೆಲ್ಲವೂ ಆ ದಿನದ ಸುತ್ತ ಹೊಂದಿಕೊಳ್ಳಬೇಕು.

ಫ್ರೆಂಚರು ಉಬ್ಬರದ ಬಲವನ್ನು 20ರಿಂದ 120ರವರೆಗಿನ ಒಂದು ಅಂಕಿಯಲ್ಲಿ ಹೇಳುತ್ತಾರೆ. ಅದಕ್ಕೆ ಕೊಯೆಫಿಸಿಯಾಂ ಎಂದು ಹೆಸರು. ಪ್ರವಾಸಿ ಕಚೇರಿಗಳ ಉಬ್ಬರ ಪಟ್ಟಿಯಲ್ಲಿ ದಿನವಾರು ಸಿಗುತ್ತದೆ. ಅಂಕಿ 110 ದಾಟಿದ ದಿನ ಮೋಂ ಸಾಂ ಮಿಶೆಲ್ ಪೂರ್ತಿ ದ್ವೀಪವಾಗುತ್ತದೆ. ಅಂಥ ದಿನಗಳು ಹೆಚ್ಚಾಗಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು-ರಾತ್ರಿ ಸಮನಾಗುವ ವಿಷುವದ ಆಸುಪಾಸಿನಲ್ಲೇ ಬರುತ್ತವೆ. 90ರ ಮೇಲಿದ್ದರೂ ನೋಟ ಸೊಗಸು. 50ರ ದಿನ ಹೋದವರಿಗೆ ಕಾಣುವುದು ಬೂದು ಕೆಸರಿನ ಬಯಲಷ್ಟೇ. ಇನ್ನೊಂದು ಅನುಕೂಲವಿದೆ. ಈ ಕೊಲ್ಲಿಯಲ್ಲಿ ದೊಡ್ಡ ಉಬ್ಬರಗಳು ಬರುವುದು ಬೆಳಗ್ಗೆ ಮತ್ತು ಸಂಜೆ ಎಂಟು-ಒಂಬತ್ತರ ಸುಮಾರಿಗೆ, ಇಳಿತ ನಡುಮಧ್ಯಾಹ್ನ. ಮಧ್ಯಾಹ್ನ ಮರಳಿನ ಮೇಲೆ, ಸಂಜೆ ಕೋಟೆಗೋಡೆಯ ಮೇಲೆ ಎಂದು ದಿನ ತಾನಾಗಿ ಎರಡಾಗಿ ಒಡೆಯುತ್ತದೆ. ನಮ್ಮ ಆಯ್ಕೆ ಸೆಪ್ಟೆಂಬರ್. ಆಗಸ್ಟಿನ ಜಾತ್ರೆ ಮುಗಿದಿರುತ್ತದೆ, ಸೇಬು ಹಣ್ಣಾಗುತ್ತಿರುತ್ತದೆ, ನೀರು ವರ್ಷದಲ್ಲೇ ಬೆಚ್ಚಗಿನ ಹಂತದಲ್ಲಿರುತ್ತದೆ. ಮೇ ತಿಂಗಳೂ ಚೆಂದವೇ, ಆದರೆ 1 ಮತ್ತು 8ರ ರಜೆ, ಅಸೆನ್ಷನ್ ಗುರುವಾರದ ಉದ್ದ ವಾರಾಂತ್ಯಗಳಲ್ಲಿ ಅರ್ಧ ಪ್ಯಾರಿಸ್ ಇಲ್ಲಿಗೇ ಬರುತ್ತದೆ.

ದಿನ ಗೊತ್ತಾದ ಮೇಲೆ ವೀಸಾ. ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಹಾಕಬಹುದು, ಕೊನೆಯ ಗಡುವು 15 ದಿನ. ಬೆಂಗಳೂರಿನಲ್ಲಿ ವಿಎಫ್‌ಎಸ್ ಕೇಂದ್ರದ ಮೂಲಕ ಸಲ್ಲಿಕೆ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12ರ ಒಳಗಿನ ಮಕ್ಕಳಿಗೆ 45 ಯೂರೋ, ಕೇಂದ್ರದ ಸೇವಾಶುಲ್ಕ ಬೇರೆ. ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವಂಥದ್ದಿರಬೇಕು, ಹೊರಟ ದಿನದಿಂದ ಮರಳುವ ದಿನದವರೆಗೂ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಹಿಂದಿರುಗಿದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಬೇಕು. ಅರ್ಜಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಒಂದೇ ಕಡೆ: ಕೋಣೆ ಕಾದಿರಿಸಿದ ರಾತ್ರಿಗಳಿಗೂ ವಿಮಾನದ ದಿನಾಂಕಕ್ಕೂ ತಾಳೆಯಾಗದಿರುವುದು. ಒಂದು ರಾತ್ರಿ ಖಾಲಿ ಬಿಟ್ಟರೂ ಪ್ರಶ್ನೆ ಬರುತ್ತದೆ. ರದ್ದು ಮಾಡಬಹುದಾದ ಕೋಣೆಗಳನ್ನೇ ಹಿಡಿಯಿರಿ. ವೀಸಾ ಬಂದಮೇಲೆ ದಿನ ಬದಲಿಸುವುದು ಕಷ್ಟ. ಉಬ್ಬರದ ಪಟ್ಟಿಯನ್ನು ಅರ್ಜಿಗೂ ಮೊದಲೇ ನೋಡಿ ಎನ್ನುವುದು ಇದಕ್ಕೇ.

ಈಗ ನಕ್ಷೆ ಬಿಚ್ಚಬಹುದು. ಆರು ರಾತ್ರಿಗೆ ಮೂರು ಊರು ಸಾಕು: ಬಾಯೋದಲ್ಲಿ ಎರಡು, ಮೋಂ ಸಾಂ ಮಿಶೆಲ್‌ನಲ್ಲಿ ಒಂದು, ಸಾಂ ಮಾಲೋದಲ್ಲಿ ಮೂರು. ಇದೇ ಪ್ರವಾಸಕ್ಕೆ ನೀಸ್ ಅನ್ನೂ ಪೋಣಿಸುವವರಿದ್ದಾರೆ. ಅದು ದೇಶದ ಇನ್ನೊಂದು ಮೂಲೆ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಹೋಗಿಬರುವುದರಲ್ಲೇ ಎರಡು ದಿನ ಕರಗುತ್ತದೆ. ಪ್ಯಾರಿಸ್‌ನಿಂದ ಮೋಂ ಸಾಂ ಮಿಶೆಲ್‌ಗೆ ಬಸ್ಸಿನಲ್ಲಿ ಒಂದೇ ದಿನದಲ್ಲಿ ಹೋಗಿಬರುವುದೂ ಬೇಡ. ಒಂದು ದಿಕ್ಕಿಗೇ ಸುಮಾರು ನಾಲ್ಕು ಗಂಟೆ, ತಲುಪುವುದು ಜನ ಕಿಕ್ಕಿರಿದ ಹೊತ್ತಿಗೆ, ಹೊರಡುವುದು ಉಬ್ಬರಕ್ಕೂ ಮೊದಲು.

ಪ್ಯಾರಿಸ್‌ನಲ್ಲಿ ರೈಲು ನಿಲ್ದಾಣ ತಪ್ಪುವುದು ಹೊಸಬರಿಗೆ ಮಾಮೂಲು. ನಾರ್ಮಂಡಿಯ ರೈಲು ಸಾಂ ಲಜಾರ್‌ನಿಂದ, ಸಾಂ ಮಾಲೋ, ರೆನ್ ಇರುವ ಬ್ರಿಟನಿ ಪ್ರಾಂತ್ಯದ್ದು ಮೋಂಪರ್ನಾಸ್‌ನಿಂದ. ಎರಡೂ ಊರಿನ ಬೇರೆ ಬೇರೆ ಕಡೆ. ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದಿಂದ ಆರ್‌ಇಆರ್ ಬಿ ಎಂಬ ನಗರ ರೈಲು ಹಿಡಿದು ಗಾರ್ ದು ನೋರ್‌ನಲ್ಲಿ ಇಳಿದು, ನೆಲದಡಿಯಲ್ಲೇ ಮಜೆಂತಾ ನಿಲ್ದಾಣಕ್ಕೆ ನಡೆದು ಆರ್‌ಇಆರ್ ಇ ಹತ್ತಿದರೆ ಸಾಂ ಲಜಾರ್ ಒಂದೇ ಸ್ಟಾಪ್. ವಿಮಾನ ಇಳಿಯುವುದಕ್ಕೂ ರೈಲು ಹೊರಡುವುದಕ್ಕೂ ನಡುವೆ ಮೂರೂವರೆ-ನಾಲ್ಕು ಗಂಟೆ ಇಟ್ಟುಕೊಳ್ಳಿ. ಗಡಿಯಲ್ಲಿ ಮುಖದ ಚಿತ್ರ ದಾಖಲಿಸುವ ಹೊಸ ವ್ಯವಸ್ಥೆ 2025ರ ಅಕ್ಟೋಬರ್‌ನಿಂದ ಬಂದಿದೆ, ಸಾಲು ಉದ್ದವಾಗಬಹುದು.

ಕಾರು ಬೇಕೇ? ಹಳ್ಳಿ ನೋಡಬೇಕೆಂದರೆ ಬೇಕು. ಬಾಯೋದಿಂದ ಮೋಂ ಸಾಂ ಮಿಶೆಲ್‌ಗೆ ಹತ್ತಿರದ ಪೋಂಟೋರ್ಸೋನ್‌ವರೆಗೆ ರೈಲು ಉಂಟು, ಆದರೆ ದಿನಕ್ಕೆ ಬೆರಳೆಣಿಕೆಯಷ್ಟು. ಕಾರನ್ನು ಪ್ಯಾರಿಸ್‌ನಲ್ಲಿ ತೆಗೆದುಕೊಳ್ಳಬೇಡಿ. ರೈಲಿನಲ್ಲಿ ಎರಡು ಗಂಟೆ ದೂರದ, ನಾರ್ಮಂಡಿಯ ಕಾನ್ (Caen) ಊರಿನ ನಿಲ್ದಾಣದ ಬಳಿ ತೆಗೆದುಕೊಂಡು ಕೊನೆಗೆ ರೆನ್‌ನಲ್ಲಿ ಬಿಡಿ. ಬೇರೆ ಊರಲ್ಲಿ ಬಿಡುವುದಕ್ಕೆ ಹೆಚ್ಚು ದುಡ್ಡು ಹೋಗುತ್ತದೆ, ಆದರೆ ಪ್ಯಾರಿಸ್‌ನ ವಾಹನದಟ್ಟಣೆ ತಪ್ಪುತ್ತದೆ, ಪ್ಯಾರಿಸ್-ಕಾನ್ ನಡುವಿನ ಎ13 ಹೆದ್ದಾರಿಯೂ ತಪ್ಪುತ್ತದೆ. ಆ ಹೆದ್ದಾರಿಯಲ್ಲಿ ಈಗ ಟೋಲ್ ಗೇಟೇ ಇಲ್ಲ, ಕ್ಯಾಮೆರಾ ನಂಬರ್ ಓದುತ್ತದೆ, 72 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕಟ್ಟಬೇಕು, ಗೊತ್ತಿಲ್ಲದವರಿಗೆ ದಂಡ. ಕಾನ್‌ನಿಂದ ರೆನ್‌ಗೆ ಹೋಗುವ ಎ84 ಪೂರ್ತಿ ಉಚಿತ, ಬ್ರಿಟನಿಯಲ್ಲಂತೂ ಟೋಲ್ ರಸ್ತೆಯೇ ಇಲ್ಲ. ಬಾಡಿಗೆ ಕಚೇರಿ ಭಾನುವಾರ ಮತ್ತು ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚಿರಬಹುದು. ಠೇವಣಿಗೆ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಡೆಬಿಟ್ ಕಾರ್ಡ್ ನಂಬಿಕೊಂಡು ಹೋಗಬೇಡಿ. ಹೊರಡುವ ಮೊದಲು ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ, ಮೂಲ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ.

ಬಲಬದಿಯಲ್ಲಿ ಓಡಿಸುವುದು ಅರ್ಧ ದಿನದಲ್ಲಿ ರೂಢಿಯಾಗುತ್ತದೆ. ನಿಜವಾದ ಅಪಾಯ ಹಳ್ಳಿಯ ಕೂಡುರಸ್ತೆಗಳಲ್ಲಿದೆ. ಯಾವ ಫಲಕವೂ ಇಲ್ಲದ ಕಡೆ ಬಲದಿಂದ ಬರುವವರಿಗೇ ಮೊದಲ ಹಕ್ಕು, ಅವರದು ಎಷ್ಟೇ ಸಣ್ಣ ಓಣಿಯಾದರೂ. ಹಳದಿ ವಜ್ರಾಕಾರದ ಫಲಕವಿದ್ದರೆ ಹಕ್ಕು ನಿಮ್ಮದು. ಅದರ ಮೇಲೆ ಕರಿಗೆರೆ ಎಳೆದಿದ್ದರೆ ಅಲ್ಲಿಗೆ ಮುಗಿಯಿತು. ವೃತ್ತಗಳಲ್ಲಿ ಒಳಗಿರುವವರಿಗೆ ದಾರಿ ಬಿಡಬೇಕು. ಊರೊಳಗೆ 50, ಬಹುತೇಕ ಹಳ್ಳಿರಸ್ತೆಗಳಲ್ಲಿ 80 ಮಿತಿ. ಪೆಟ್ರೋಲ್ ಬಂಕಿನಲ್ಲಿ ಗಜೋಲ್ ಎಂದು ಬರೆದದ್ದು ಡೀಸೆಲ್. ಗ್ಯಾಸೊಲಿನ್ ಇರಬೇಕು ಎಂದುಕೊಂಡು ಪೆಟ್ರೋಲ್ ಕಾರಿಗೆ ಅದನ್ನೇ ತುಂಬಿಸಿದರೆ ಎಂಜಿನ್ ಕೆಡುತ್ತದೆ. ಪೆಟ್ರೋಲಿಗೆ ಎಸ್‌ಪಿ 95 ಅಥವಾ 98 ಎಂಬ ಗುರುತಿರುತ್ತದೆ.

ಬಾಯೋ 1944ರ ಯುದ್ಧದಲ್ಲಿ ಹೆಚ್ಚು ಪೆಟ್ಟು ತಿನ್ನದೆ ಉಳಿದ ಊರು. ಅಲ್ಲಿನ ಹೆಸರಾಂತ ಕಸೂತಿ ಪಟ, ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ 1066ರ ದಂಡಯಾತ್ರೆಯನ್ನು ಸುಮಾರು 70 ಮೀಟರ್ ನಾರುಬಟ್ಟೆಯ ಮೇಲೆ ಉಣ್ಣೆ ನೂಲಿನಲ್ಲಿ ಹೇಳುವ 11ನೇ ಶತಮಾನದ ಕೆಲಸ. ಅದರ ಮ್ಯೂಸಿಯಂ 2025ರ ಸೆಪ್ಟೆಂಬರ್‌ನಲ್ಲಿ ನವೀಕರಣಕ್ಕೆ ಮುಚ್ಚಿದೆ, ಮತ್ತೆ ತೆರೆಯುವ ಯೋಜನೆಯಿರುವುದು 2027ರಲ್ಲಿ. ಅದಕ್ಕೆಂದೇ ಹೋಗುವವರು ವಿಚಾರಿಸಿಕೊಂಡು ಹೊರಡಿ. ಶನಿವಾರದ ಸಂತೆ ಮಾತ್ರ ತಪ್ಪಿಸಬೇಡಿ. ಊರಾಚೆ ಬೊಕಾಜ್ ಎಂಬ ಸೀಮೆ ಶುರುವಾಗುತ್ತದೆ: ಆಳೆತ್ತರ ಮಣ್ಣಿನ ದಿಣ್ಣೆ, ಅದರ ಮೇಲೆ ಪೊದೆ-ಮರಗಳ ಬೇಲಿ, ನಡುವೆ ಒಂದೇ ಗಾಡಿ ಹಿಡಿಸುವ ದಾರಿ. ಅಮೆರಿಕನ್ ಸೈನ್ಯವನ್ನು ವಾರಗಟ್ಟಲೆ ತಡೆದದ್ದು ಇದೇ ಬೇಲಿಗಳು.

ಒಮಾಹಾ ಬೀಚಿನ ಮೇಲಿನ ಗುಡ್ಡದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಬಿಳಿ ಅಮೃತಶಿಲೆಯ ಸಮಾಧಿಗಳಿವೆ. ಅಲ್ಲಿಗೆ ಇಳಿತದ ಹೊತ್ತಿನಲ್ಲೇ ಹೋಗಿ. ಜರ್ಮನರ ವಶದಲ್ಲಿದ್ದ ಫ್ರಾನ್ಸನ್ನು ಬಿಡಿಸಲು ಮಿತ್ರಪಡೆಗಳು ಈ ದಡಕ್ಕೆ ಬಂದಿಳಿದ 1944ರ ಜೂನ್ 6 ಹುಣ್ಣಿಮೆ. ರಾತ್ರಿ ಇಳಿಯುವ ಪ್ಯಾರಾಚೂಟ್ ಪಡೆಗೆ ಬೆಳದಿಂಗಳು ಬೇಕಿತ್ತು, ಜರ್ಮನರು ದಡದಲ್ಲಿ ನೆಟ್ಟ ಕಂಬ-ಕಬ್ಬಿಣಗಳು ಕಾಣಲು ಬೆಳಗಿನ ಇಳಿತ ಬೇಕಿತ್ತು. ನೀರು ಹಿಂದೆ ಸರಿದಾಗ ಆ ಮರಳಿನ ಅಗಲ ನೋಡಿದರೆ ಸೈನಿಕರು ಎಷ್ಟು ದೂರ ಬಯಲಲ್ಲಿ ಓಡಬೇಕಾಯಿತು ಎಂಬುದು ಯಾರೂ ವಿವರಿಸದೆ ತಿಳಿಯುತ್ತದೆ. ಅರ್ರೊಮಾಂಶ್‌ನಲ್ಲಿಯೂ ಅಷ್ಟೆ, ಮಿತ್ರಪಡೆಗಳು ಆಗ ಕಟ್ಟಿದ ಕೃತಕ ಬಂದರಿನ ಕಾಂಕ್ರೀಟ್ ತುಂಡುಗಳ ಬಳಿಗೆ ನಡೆದುಹೋಗಲು ಇಳಿತ ಬೇಕು.

ದೊಡ್ಡ ಉಬ್ಬರದ ದಿನಕ್ಕೆ ಮೋಂ ಸಾಂ ಮಿಶೆಲ್‌ನ ರಾತ್ರಿ ಬರುವಂತೆ ಲೆಕ್ಕ ಹಾಕಿರುತ್ತೀರಿ. ಬಾಯೋದಿಂದ ಸುಮಾರು ಒಂದೂವರೆ ಗಂಟೆ ದಾರಿ. ಕಾರು ನಿಲ್ಲುವುದು ದ್ವೀಪದಿಂದ ಎರಡೂವರೆ ಕಿಲೋಮೀಟರ್ ಆಚೆ; ಅಲ್ಲಿಂದ ಉಚಿತ ಶಟಲ್ ಬಸ್, ಇಲ್ಲವೇ ಮುಕ್ಕಾಲು ಗಂಟೆ ನಡಿಗೆ. ದೊಡ್ಡ ಸೂಟ್‌ಕೇಸನ್ನು ಡಿಕ್ಕಿಯಲ್ಲೇ ಬಿಟ್ಟು ಒಂದು ರಾತ್ರಿಗೆ ಬೇಕಾದಷ್ಟನ್ನೇ ಬೆನ್ನಿಗೆ ಹಾಕಿಕೊಳ್ಳಿ, ಮೇಲೆ ಮಠದವರೆಗೆ ಸುಮಾರು 350 ಮೆಟ್ಟಿಲು. ಈಗಿನ ಸೇತುವೆ 2014ರದು. 1879ರಲ್ಲಿ ಕಟ್ಟಿದ ಒಡ್ಡು ಹೂಳನ್ನು ಹಿಡಿದಿಟ್ಟು ದ್ವೀಪವನ್ನು ನೆಲಕ್ಕೆ ಅಂಟಿಸುತ್ತಿತ್ತು. ಅದನ್ನು ಕಿತ್ತು, ಕುವೆಸ್ನೋ ನದಿಗೆ ಒಂದು ಅಣೆ ಕಟ್ಟಿದರು. ಅದು ಉಬ್ಬರದ ನೀರನ್ನು ಹಿಡಿದಿಟ್ಟು ಇಳಿತದಲ್ಲಿ ಬಿಟ್ಟು ಹೂಳನ್ನು ಕಡಲಿಗೆ ತಳ್ಳುತ್ತದೆ. ಉಬ್ಬರದ ಗಳಿಗೆಗೆ ಎರಡು ಗಂಟೆ ಮೊದಲೇ ಕೋಟೆಗೋಡೆಯ ಮೇಲೆ ಜಾಗ ಹಿಡಿಯಿರಿ. 110 ದಾಟಿದ ದಿನ ಕೆಲಹೊತ್ತು ದಾರಿ ಮುಳುಗುತ್ತದೆ, ಆಗ ಆಚೆಯವರು ಆಚೆ, ಈಚೆಯವರು ಈಚೆ. ಮರಳಿನ ಮೇಲೆ ನಡೆಯುವುದು ಪರವಾನಗಿ ಇರುವ ಗೈಡ್ ಜೊತೆ ಮಾತ್ರ. ಕಾಲು ಹೂಳುವ ಉಸುಬು ಅಲ್ಲಿ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ಮಠಕ್ಕೆ ಜನವರಿ 1, ಮೇ 1, ಡಿಸೆಂಬರ್ 25 ರಜೆ.

ಸಾಂ ಮಾಲೋ ಅಲ್ಲಿಂದ ಒಂದು ಗಂಟೆಯೊಳಗಿನ ದಾರಿ. ಕೋಟೆಯೊಳಗಿನ ಊರು 1944ರ ಆಗಸ್ಟ್‌ನಲ್ಲಿ ಬಹುಪಾಲು ಸುಟ್ಟು, ಕಲ್ಲಿಗೆ ಕಲ್ಲು ಜೋಡಿಸಿ ಮತ್ತೆ ಎದ್ದದ್ದು. 1746ರಲ್ಲಿ ಇಂಗ್ಲಿಷರಿಂದ ಮದ್ರಾಸನ್ನು ಗೆದ್ದ ಲಾ ಬೂರ್ದೊನೆ 1699ರಲ್ಲಿ ಹುಟ್ಟಿದ್ದು ಇಲ್ಲೇ. ಕೋಟೆಗೋಡೆಯ ಮೇಲೆ ಊರಿಗೆ ಒಂದು ಸುತ್ತು ಬರಲು ನಿಧಾನವಾಗಿ ಒಂದೂವರೆ ಗಂಟೆ. ಇಳಿತದಲ್ಲಿ ಗ್ರಾಂ ಬೇ ದ್ವೀಪಕ್ಕೆ ನಡೆದು ಹೋಗಬಹುದು. ಮರಳುವ ದಾರಿಗೆ ನೀರು ಹತ್ತಿದ್ದು ಕಂಡರೆ ದಾಟಲು ಹೋಗಬೇಡಿ. ಮೊಣಕಾಲುದ್ದ ನೀರಿನ ಸೆಳೆತವೂ ಎತ್ತಿ ಹಾಕುತ್ತದೆ. ಅಲ್ಲೇ ಕೂತು ಆರು ಗಂಟೆ ಕಾಯುವುದೇ ಸರಿ.

ಊಟಕ್ಕೂ ಇಲ್ಲಿ ಉಬ್ಬರವಿಳಿತದಂತೆ ಗಡಿಯಾರವಿದೆ: ಮಧ್ಯಾಹ್ನ ಹನ್ನೆರಡರಿಂದ ಎರಡು, ರಾತ್ರಿ ಏಳರಿಂದ ಒಂಬತ್ತೂವರೆ. ಎರಡೂವರೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ಸಸ್ಯಾಹಾರಿಗಳಿಗೆ ಆಸರೆ ಗಾಲೆಟ್, ಸರಾಜಾಂ ಎಂಬ ಕಪ್ಪು ಧಾನ್ಯದ ಹಿಟ್ಟಿನಿಂದ ಕಾವಲಿಯ ಮೇಲೆ ಹುಯ್ಯುವ ತೆಳು ದೋಸೆ. ಗಾಲೆಟ್ ಕಾಂಪ್ಲೆಟ್ ಎಂದರೆ ಹಂದಿಮಾಂಸ, ಮೊಟ್ಟೆ, ಚೀಸ್ ಸೇರಿದ್ದು. ಚೀಸ್-ಅಣಬೆಯದು ಕೇಳಿ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನು ತರುವವರಿದ್ದಾರೆ. ‘ಸಾಂ ವ್ಯಾಂದ್, ಸಾಂ ಪ್ವಾಸೋಂ’, ಅಂದರೆ ಮಾಂಸವಿಲ್ಲದೆ, ಮೀನಿಲ್ಲದೆ, ಎಂದು ಎರಡನ್ನೂ ಹೇಳಿ. ಕೆಲವೆಡೆ ಕಾವಲಿಗೆ ಹಂದಿಕೊಬ್ಬು ಸವರುವ ಹಳೇ ಪದ್ಧತಿ ಉಂಟು, ಬೆಣ್ಣೆ ಸವರಲು ಹೇಳಿದರೆ ಬೇಸರಿಸುವುದಿಲ್ಲ. ಕಾಮಾಂಬೇರ್‌ನಂಥ ಸಾಂಪ್ರದಾಯಿಕ ಚೀಸ್‌ಗಳನ್ನು ಹೆಪ್ಪು ಹಾಕುವುದು ಕರುವಿನ ಜಠರದ ರೆನೆಟ್‌ನಿಂದ, ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಲಿ. ಯಾವ ಅಂಗಡಿಗೆ ಕಾಲಿಟ್ಟರೂ ಮೊದಲ ಮಾತು ‘ಬೋಂಜೂರ್’. ಭಾನುವಾರ ಮಧ್ಯಾಹ್ನ, ಸೋಮವಾರ ಹಳ್ಳಿಗಳಲ್ಲಿ ಬಹುತೇಕ ಬಾಗಿಲು ಹಾಕಿರುತ್ತವೆ, ಶನಿವಾರವೇ ಬ್ರೆಡ್, ಹಣ್ಣು, ಮೊಸರು ಕೊಂಡಿಡಿ.

ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿ ಹಿಡಿಸುತ್ತದೆ, ಲ್ಯಾಪ್‌ಟಾಪಿನ ಮೂರು ಪಿನ್ನಿನದು ಹಿಡಿಸುವುದಿಲ್ಲ. ಕೊಡೆಗಿಂತ ಗಾಳಿ ತಡೆಯುವ ಮಳೆಕೋಟು ಮೇಲು. ಕೋಟೆಗೋಡೆಯ ಮೇಲೆ ಕೊಡೆ ನಿಲ್ಲದು.

ಕೊನೆಯ ದಿನ ಬೆಳಗ್ಗೆ ಸಾಂ ಮಾಲೋದಿಂದ ರೆನ್‌ಗೆ 70 ಕಿಲೋಮೀಟರ್. ಟ್ಯಾಂಕ್ ತುಂಬಿಸಿ ಕಾರು ಒಪ್ಪಿಸಿ, ನಾಲ್ಕೂ ಬದಿಯ ಫೋಟೋ ತೆಗೆದುಕೊಳ್ಳಿ. ರೆನ್‌ನಿಂದ ಪ್ಯಾರಿಸ್‌ಗೆ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಒಂದೂವರೆ ಗಂಟೆ. ನೇರ ವಿಮಾನ ನಿಲ್ದಾಣಕ್ಕೇ ಹೋಗುವ ಕೆಲವು ರೈಲುಗಳೂ ಇವೆ. ವಿಮಾನದ ವೇಳೆಗೆ ಹೊಂದುವಂತಿದ್ದರೆ ಅವನ್ನೇ ಮುಂಚಿತವಾಗಿ ಕಾದಿರಿಸಿ. ಟಿಜಿವಿ ಬಾಗಿಲು ಹೊರಡುವ ಎರಡು ನಿಮಿಷ ಮೊದಲೇ ಮುಚ್ಚುತ್ತದೆ.