ಕಾನ್ಫರೆನ್ಸ್ ಮೊಬೈಲಿಗೆ ಬಂತು, ಕಾಫಿ ಬ್ರೇಕ್ ಬರ್ಲಿಲ್ಲ

ಐಸಿಎಲ್‌ಆರ್ ಅಂತ ಮಷೀನ್ ಲರ್ನಿಂಗ್‌ನವರ, ಅಂದ್ರೆ ಕಂಪ್ಯೂಟರಿಗೆ ಡೇಟಾದಿಂದ ಕಲಿಸೋರ, ದೊಡ್ಡ ಕಾನ್ಫರೆನ್ಸ್ ಇದ್ಯಲ್ಲ, ಅದು 2020ರಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಆಗ್ಬೇಕಿತ್ತು. ಅಮೆರಿಕ ಕೆನಡಾ ಕಡೆ ಮಾಡಿದ್ರೆ ಆಫ್ರಿಕಾದ ಎಷ್ಟೋ ಜನ್ರಿಗೆ ವೀಸಾ ಸಿಗ್ತಿರ್ಲಿಲ್ಲ, ಈ ಸಲ ನಾವೇ ಅವ್ರ ಕಡೆ ಹೋಗೋಣ ಅನ್ನೋ ಲೆಕ್ಕಾಚಾರ, ಅಷ್ಟ್ರಲ್ಲಿ ಕೊರೊನಾ ಬಂದು ಇಡೀ ಕಾರ್ಯಕ್ರಮ ಆನ್‌ಲೈನ್ ಆಗೋಯ್ತು. ಪೋಸ್ಟರ್ ಹಾಕಿ ತೋರಿಸ್ಬೇಕಿದ್ದ ಸಂಶೋಧನಾ ಪೇಪರ್‌ಗಳಿಗೆ ಐದೈದು ನಿಮಿಷದ ವಿಡಿಯೋ, ಜೊತೆಗೆ ಚಾಟು, ಬರೆದವ್ರನ್ನ ಮಾತಾಡ್ಸೋಕೆ ವಿಡಿಯೋ ಕಾಲು, ಅದೂ ಎರಡೆರಡು ಹೊತ್ತಲ್ಲಿ, ಒಬ್ರಿಗೆ ಹಗಲಾದ್ರೆ ಇನ್ನೊಬ್ರಿಗೆ ಮಧ್ಯರಾತ್ರಿ ಅಲ್ವಾ. ಆಮೇಲೆ ಅಷ್ಟೂ ವಿಡಿಯೋನ ಎಲ್ಲರಿಗೂ ಫ್ರೀ ಬಿಟ್ರು. ವೀಸಾ ಬೇಡ ಫ್ಲೈಟ್ ಟಿಕೆಟ್ ಬೇಡ, ನಾನಂತೂ ಲುಂಗಿ ಉಟ್ಕೊಂಡು ಒಂದೂವರೆ ಸ್ಪೀಡಲ್ಲಿ ಹಾಕ್ಕೊಂಡು ನೋಡಿದೀನಿ.

ಆದ್ರೂ ಅನ್ಸತ್ತೆ, ನಮ್ಗೆ ಲಾಭ ಆಯ್ತು, ಅಡಿಸ್ ಅಬಾಬಾದ ಹುಡುಗ್ರಿಗೆ ನಷ್ಟಾನೇ. ಪೇಪರ್ ಆರ್ಕೈವ್ (arXiv) ಅನ್ನೋ ವೆಬ್‌ಸೈಟಲ್ಲಿ ಹೆಂಗೂ ಪುಕ್ಕಟೆ ಸಿಗತ್ತೆ, ಜನ ಅಷ್ಟು ದೂರ ಹೋಗೋದು ಕಾಫಿ ಕಪ್ ಹಿಡ್ಕೊಂಡು ದೊಡ್ಡ ಲ್ಯಾಬಿನವ್ರ ಪಕ್ಕ ನಿಂತು ಪರಿಚಯ ಮಾಡ್ಕೊಳೋಕೆ, ಸಾಧ್ಯ ಆದ್ರೆ ಒಂದು ಕೆಲಸಾನೂ ಕೇಳೋಕೆ! ಕೊನೆಗೆ 2023ರಲ್ಲಿ ರುವಾಂಡಾದ ಕಿಗಾಲಿಲಿ ಮಾಡಿದ್ರು, ಈ ಸಲ ಜನ ನಿಜವಾಗ್ಲೂ ಹೋದ್ರು.